ಇಂಗ್ಲೆಂಡಿನ ನಾಸ್ತಿಕರಿಗೆ ಚರ್ಚ್ ಬೇಕು, ಚರ್ಚಿಗೆ ಹೋಗುವವರು ಬೇಡ್ವಾ?

ತುಂಗೆಯ ತಡಿ
ಎಲ್ಲರಿಗೂ ನಮಸ್ಕಾರ. ನಾನು ದೇವರನ್ನು ನಂಬುವವಳಲ್ಲ. ಶಿವಮೊಗ್ಗದಲ್ಲಿ ಕಾಲೇಜು ಓದುವಾಗಲೇ ಬಿಟ್ಟೆ. ಮನೆಯಲ್ಲಿ ಅದಕ್ಕೆ ಆಗಬೇಕಾದ ಜಗಳವೆಲ್ಲ ಆಗಿ ತಣ್ಣಗಾಗಿದೆ. ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ನಾಸ್ತಿಕರ ಒಂದು ಗುಂಪು ಸಿಕ್ಕಾಗ ತುಂಬಾ ಖುಷಿಯಾಗಿತ್ತು. ಆದರೆ ಅವರು ಕ್ರೈಸ್ತರ ಬಗ್ಗೆ ಮಾತಾಡುವ ಧಾಟಿ ನನಗೆ ಹಿಡಿಸುತ್ತಿಲ್ಲ.

ಭಾನುವಾರ ಚರ್ಚಿಗೆ ಹೋಗುವವರೆಂದರೆ ಒಂದೋ ತಲೆ ಓಡಿಸದವರು, ಇಲ್ಲಾ ಸಾವಿಗೆ ಹೆದರಿದವರು. ಹೀಗೇ ಮಾತು. ಅದೇ ಜನ ಡಿಸೆಂಬರ್ ಬಂತು ಅಂದರೆ ಕ್ಯಾಥೆಡ್ರಲ್ ಮುಂದೆ ಚಳಿಯಲ್ಲಿ ಸಾಲು ನಿಂತು ಕ್ರಿಸ್‌ಮಸ್ ಕ್ಯಾರೊಲ್ ಹಾಡು ಕೇಳಿ ಬರುತ್ತಾರೆ. ಊರಿನ ಚರ್ಚನ್ನು ಯಾರೋ ಕೊಂಡು ಫ್ಲ್ಯಾಟ್ ಮಾಡುತ್ತಾರೆ ಅಂತ ಸುದ್ದಿ ಬಂದರೆ ಮೊದಲು ಕೂಗಾಡುವವರೂ ಇವರೇ. ಹೆಸರಾಂತ ನಾಸ್ತಿಕ, ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 2024ರ ಈಸ್ಟರ್ ಹೊತ್ತಿಗೆ ರೇಡಿಯೊದಲ್ಲಿ ಹೇಳಿದ್ದು ನೆನಪಿರಬಹುದು. ತಾನು ಸಂಸ್ಕೃತಿಯಿಂದ ಕ್ರೈಸ್ತ, ನಂಬಿಕೆಯಿಂದ ಅಲ್ಲ. ನಂಬುವವರು ಕಡಿಮೆಯಾಗುತ್ತಿರುವುದು ಸಂತೋಷ, ಆದರೆ ಕ್ಯಾಥೆಡ್ರಲ್‌ಗಳು, ಊರಿನ ಚರ್ಚ್‌ಗಳು ಹೋದರೆ ಸಂತೋಷವಿಲ್ಲ.

ನಂಬುವವರು ಇಲ್ಲದೆ ಚರ್ಚ್ ಉಳಿಯುವುದು ಹೇಗೆ? ಅವರನ್ನು ಹೀಗೆ ಅಣಕಿಸುವುದು ಸರಿಯಾ? ಇಲ್ಲಿರುವ ನಮ್ಮವರ ಅನುಭವ ಕೇಳಬೇಕು ಅನ್ನಿಸಿತು.

ನಿರೀಶ್ವರ
ಅಕ್ಕ, ಇದರಲ್ಲಿ ವಿರೋಧ ಎಲ್ಲಿದೆ? ಹಂಪಿಯ ವಿಠ್ಠಲ ದೇವಸ್ಥಾನ ನೋಡಿ ಬೆರಗಾಗಲು ವಿಠ್ಠಲನ ಭಕ್ತರೇ ಆಗಬೇಕಾ? ಕಲೆ ಬೇರೆ, ದೇವರು ಬೇರೆ. ಡಾಕಿನ್ಸ್ ಹೇಳಿದ್ದು ಇಷ್ಟೇ. ಅವರು ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡಿನ) ಮನೆಯಲ್ಲಿ ಬೆಳೆದವರು, ಆ ಹಾಡುಗಳು ಅವರ ಬಾಲ್ಯ. 2012ರಲ್ಲಿ ಸರ್ಕಾರ ಎಲ್ಲ ಶಾಲೆಗೂ ಕಿಂಗ್ ಜೇಮ್ಸ್ ಬೈಬಲ್ (ಬೈಬಲಿನ ಹಳೆಯ ಇಂಗ್ಲಿಷ್ ಅನುವಾದ) ಕಳಿಸಲು ಹೊರಟಾಗಲೂ ಅವರು ಬೆಂಬಲಿಸಿದ್ದರು. ಅದರ ಇಂಗ್ಲಿಷ್ ಚೆನ್ನಾಗಿದೆ, ಓದಿದರೆ ಮಕ್ಕಳಿಗೆ ಅದು ನೀತಿಯ ಪುಸ್ತಕ ಅಲ್ಲ ಅಂತಲೂ ಗೊತ್ತಾಗುತ್ತದೆ ಅಂತ.

ನಂಬಿಕೆಯನ್ನು ಟೀಕಿಸುವ ಹಕ್ಕು ಇಲ್ಲಿ ಸುಮ್ನೆ ಸಿಕ್ಕಿಲ್ಲ. ದೇವನಿಂದೆ ಇಂಗ್ಲೆಂಡಿನಲ್ಲಿ 2008ರವರೆಗೆ ಅಪರಾಧವೇ ಆಗಿತ್ತು.

ಸಿಎಸ್‌ಐ ಹುಡುಗಿ
ನಿರೀಶ್ವರ ಸರ್, ನಿಮ್ಮ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ವಿಠ್ಠಲ ದೇವಸ್ಥಾನದಲ್ಲಿ ಪೂಜೆ ಇಲ್ಲ, ಅದನ್ನು ಸರ್ಕಾರ ನೋಡಿಕೊಳ್ಳುತ್ತದೆ. ಅಲ್ಲೇ ಸ್ವಲ್ಪ ದೂರದಲ್ಲಿ ವಿರೂಪಾಕ್ಷ ಇದ್ದಾನೆ, ಅಲ್ಲಿ ಇವತ್ತಿಗೂ ಪೂಜೆ ಇದೆ. ಇಂಗ್ಲೆಂಡಿನ ಚರ್ಚ್‌ಗಳು ಎರಡನೇ ತರದವು. ಜನ ಇನ್ನೂ ಒಳಗಿದ್ದಾರೆ.

ನಾನು ಧಾರವಾಡ ಕಡೆಯವಳು. ಈಗ ಇರುವ ಊರಿನ ಆಂಗ್ಲಿಕನ್ ಚರ್ಚಿಗೆ ಹೋಗುತ್ತೇನೆ. ಬಾಗಿಲ ಪಕ್ಕದಲ್ಲಿ ಯಾವ ವಾರ ಯಾರು ಹೂವು ಇಡಬೇಕು ಅಂತ ಪಟ್ಟಿ ಇದೆ. ಎಲ್ಲವೂ ಎಪ್ಪತ್ತು ದಾಟಿದ ಹೆಂಗಸರ ಹೆಸರುಗಳು. ಮಂಡಿಯೂರುವ ದಿಂಬುಗಳಿಗೆ ಉಣ್ಣೆ ದಾರದಲ್ಲಿ ಕಸೂತಿ ಹಾಕಿದ್ದಾರೆ. ಒಂದರ ಮೇಲೆ ಊರಿನ ಹೊಳೆ, ಒಂದರ ಮೇಲೆ ಗೂಬೆ, ಇನ್ನೊಂದರ ಮೇಲೆ ಯುದ್ಧದಲ್ಲಿ ಸತ್ತ ಮಗನ ರೆಜಿಮೆಂಟಿನ ಗುರುತು. ಹಿಂಭಾಗದಲ್ಲಿ ಚಾವಣಿ ರಿಪೇರಿಗೆ ಎಷ್ಟು ಹಣ ಸೇರಿದೆ ಅಂತ ತೋರಿಸುವ ಬೋರ್ಡು. ಹೊರಗಿನಿಂದ ಬಂದವರು ಚರ್ಚಿನ ನೆಮ್ಮದಿ, ಚಂದ ಅಂತ ಹೊಗಳುತ್ತಾರಲ್ಲ, ಅದು ಈ ಹೆಂಗಸರ ಕೈಕೆಲಸ. ಅವರಿಗೆ ದಡ್ಡರು ಅಂದರೆ ನನಗೆ ನೋವಾಗುತ್ತದೆ.

ಬಯಲುಸೀಮೆ
ನೂರಕ್ಕೆ ನೂರು. ಚಾವಣಿಗೆ ದುಡ್ಡು ಹಾಕದವರು ಗಂಟೆ ನಿಂತಿತು ಅಂತ ಅಳಬಾರದು.

ನಿರೀಶ್ವರ
ಹಾಕುತ್ತಾರೆ ಬಯಲುಸೀಮೆ. ಹಳೆ ಕಟ್ಟಡ ಉಳಿಸುವ ನಿಧಿಗಳಿಗೆ ಕೊಡುವವರಲ್ಲಿ ನಂಬದವರೂ ಎಷ್ಟೋ ಜನ ಇದ್ದಾರೆ. ಲಾಟರಿ ನಿಧಿಯಿಂದಲೂ ಚರ್ಚ್‌ಗಳಿಗೆ ಹಣ ಹೋಗಿದೆ. ಎಲ್ಲವನ್ನೂ ಭಕ್ತರೇ ಹೊತ್ತಿದ್ದಾರೆ ಅನ್ನಬೇಡಿ.

ಗದಗಿನ ಗಾಳಿ
ನೀವೆಲ್ಲ ಹೂವು, ಹಾಡು ಅಂತೀರಿ. ನನ್ನ ಸಿಟ್ಟು ಬೇರೆ ಐತ್ರೀ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಶಾಲೆ ಇದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಚರ್ಚ್ ಶಾಲೆ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಚರ್ಚಿಗೆ ಬರುವ ಮನೆಯ ಮಕ್ಕಳಿಗೆ ಮೊದಲ ಸೀಟು. ಅದಕ್ಕೆ ಬೇರೆ ಫಾರ್ಮ್ ಇದೆ, ಇವರು ತಪ್ಪದೆ ಬರುತ್ತಾರೆ ಅಂತ ವಿಕಾರ್ (ಊರಿನ ಚರ್ಚಿನ ಪಾದ್ರಿ) ಸಹಿ ಮಾಡಬೇಕು. ನನ್ನ ಮಗಳಿಗೆ ಸೀಟು ಸಿಗಲಿಲ್ಲ. ಈಗ ಬಸ್ಸಿನಲ್ಲಿ ಆಚೆ ಬಡಾವಣೆಗೆ ಹೋಗುತ್ತಾಳೆ. ನನ್ನ ತೆರಿಗೆ ಆ ಶಾಲೆಗೂ ಹೋಗುತ್ತದಲ್ಲ!

ಇನ್ನೊಂದು ವಿಷಯ. ಎದುರುಮನೆಯವರು ದೇವರಿಲ್ಲ ಅಂತ ಜೋರಾಗಿ ಹೇಳುವ ಜನ. ಅವರು ಪ್ರತಿ ಭಾನುವಾರ ಚರ್ಚಿಗೆ ಹೋಗಿ ಸಹಿ ಸಂಪಾದಿಸಿದರು. ಸೀಟು ಸಿಕ್ಕಿದ ಮೇಲೆ ಚರ್ಚಿನ ಕಡೆ ತಲೆ ಹಾಕಿಲ್ಲ. ಅವರ ಮೇಲೆ ಸಿಟ್ಟು ಮಾಡಲೋ, ಆ ನಿಯಮದ ಮೇಲೋ?

ತುಂಗೆಯ ತಡಿ
ನಿಯಮದ ಮೇಲೆ, ಅಣ್ಣ. ನಮ್ಮ ಗುಂಪಿನಲ್ಲಿ ಮಾತಾಡಬೇಕಾದದ್ದು ಇದು. ಆದರೆ ಅಲ್ಲಿ ಯೇಸು ನೀರಿನ ಮೇಲೆ ನಡೆದದ್ದು ನಿಜವಾ, ಸುಳ್ಳಾ ಅಂತ ಗಂಟೆಗಟ್ಟಲೆ ಹೋಗುತ್ತದೆ.

ಹಳೇಪುಟ
ಸ್ವಲ್ಪ ಹಿಂದಿನ ಕತೆ ಹೇಳುತ್ತೇನೆ, ಯಾಕೆಂದರೆ ಈಗಿನ ಬಾಯಿಮಾತಿನ ನಾಸ್ತಿಕರಿಗೂ ಆಗಿನವರಿಗೂ ದೊಡ್ಡ ವ್ಯತ್ಯಾಸ ಇದೆ.

ಚರ್ಚ್ ಆಫ್ ಇಂಗ್ಲೆಂಡ್ ಶುರುವಿನಿಂದಲೇ ರಾಜ್ಯದ ಚರ್ಚ್. 1534ರಲ್ಲಿ ಎಂಟನೇ ಹೆನ್ರಿ ಪೋಪನ ಅಧಿಕಾರ ಕಿತ್ತುಹಾಕಿ ತಾನೇ ಮುಖ್ಯಸ್ಥನಾದ. ಹಾಗಾಗಿ ಚರ್ಚನ್ನು ಪ್ರಶ್ನಿಸಿದರೆ ರಾಜ್ಯವನ್ನೇ ಪ್ರಶ್ನಿಸಿದಂತೆ. 1811ರಲ್ಲಿ ನಾಸ್ತಿಕತೆಯ ಬಗ್ಗೆ ಕಿರುಹೊತ್ತಗೆ ಹಂಚಿದ ಪ್ರಕರಣದಲ್ಲಿ ಕವಿ ಶೆಲ್ಲಿಯನ್ನು ಆಕ್ಸ್‌ಫರ್ಡ್ ಹೊರಹಾಕಿತು. 1842ರಲ್ಲಿ ಹೋಲಿಯೋಕ್ ಅನ್ನುವ ನಾಸ್ತಿಕ ಭಾಷಣಕಾರರು ಒಂದು ಭಾಷಣಕ್ಕೆ ಆರು ತಿಂಗಳು ಜೈಲು ಕಂಡರು. 1883ರಲ್ಲಿ ಫುಟ್ ಅನ್ನುವ ಸಂಪಾದಕರು ಪತ್ರಿಕೆಯಲ್ಲಿ ಬೈಬಲ್ ವ್ಯಂಗ್ಯಚಿತ್ರ ಹಾಕಿದ್ದಕ್ಕೆ ಒಂದು ವರ್ಷ ಒಳಗಿದ್ದರು.

ಚಾರ್ಲ್ಸ್ ಬ್ರಾಡ್ಲಾ ಕತೆ ಎಲ್ಲರಿಗೂ ಗೊತ್ತಿರಬೇಕು. 1880ರಲ್ಲಿ ನಾರ್ಥಾಂಪ್ಟನ್‌ನಿಂದ ಸಂಸತ್ತಿಗೆ ಗೆದ್ದರು. ದೇವರ ಹೆಸರಿನಲ್ಲಿ ಪ್ರಮಾಣ ಬೇಡ, ಸಾದಾ ಮಾತಿನಲ್ಲಿ ಒಪ್ಪಿಕೊಳ್ಳುತ್ತೇನೆ ಅಂದರು. ಸದನ ಬಿಡಲಿಲ್ಲ. ಸರಿ, ನಿಮ್ಮ ಪ್ರಮಾಣವನ್ನೇ ಮಾಡುತ್ತೇನೆ ಅಂದರೂ ಬಿಡಲಿಲ್ಲ. ಒಂದು ರಾತ್ರಿ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದರು. ಮತ್ತೆ ಮತ್ತೆ ಚುನಾವಣೆ, ಮತ್ತೆ ಮತ್ತೆ ಗೆಲುವು. ಕೊನೆಗೆ ಕೂತದ್ದು 1886ರಲ್ಲಿ. 1888ರಲ್ಲಿ ಅವರೇ ಮುಂದೆ ನಿಂತು ಕಾನೂನು ತಂದ ಮೇಲೆ ದೇವರ ಹೆಸರಿಲ್ಲದೆ ಪ್ರಮಾಣ ಮಾಡುವ ಹಕ್ಕು ಎಲ್ಲರಿಗೂ ಬಂತು. ಭಾರತದ ಪರವಾಗಿಯೂ ಮಾತಾಡುತ್ತಿದ್ದವರು ಅವರು. 1889ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದರು.

ಕೋಲಾರದ ಕಣ್ಣು
ಬ್ರಾಡ್ಲಾ ಜೊತೆ ಕೆಲಸ ಮಾಡುತ್ತಿದ್ದವರು ಆನಿ ಬೆಸೆಂಟ್ ಅಲ್ವಾ? ಆಂಗ್ಲಿಕನ್ ಪಾದ್ರಿಯ ಹೆಂಡತಿ. ನಂಬಿಕೆ ಬಿಟ್ಟು ಹೊರಬಂದರು. ಆಮೇಲೆ ಸಂತಾನ ನಿಯಂತ್ರಣದ ಪುಸ್ತಕ ಅಚ್ಚು ಹಾಕಿದ್ದೂ ಸೇರಿ, 1878ರಲ್ಲಿ ಕೋರ್ಟು ಮಗಳನ್ನು ಅವರಿಂದ ಕಿತ್ತು ಗಂಡನಿಗೆ ಕೊಟ್ಟಿತು. ನಾಸ್ತಿಕಳು ಮಗು ಬೆಳೆಸಬಾರದು ಅಂತ! ಆ ಸಂಕಟ ಪಟ್ಟವರು ಚರ್ಚನ್ನು ಬೈದರೆ ನನಗೆ ಅರ್ಥವಾಗುತ್ತದೆ.

ಅವರೇ ಮುಂದೆ ಥಿಯೊಸಫಿ (ಬ್ರಹ್ಮವಿದ್ಯೆ) ಪಂಥ ಹಿಡಿದು ನಮ್ಮ ಕಡೆ ಬಂದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲ್ 1917ರಲ್ಲಿ ಶುರುವಾದದ್ದು ಅವರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ. ಅಲ್ಲಿ ಓದಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಎಚ್ಚೆನ್ ಯಾವ ಬಡ ಭಕ್ತನನ್ನೂ ಅಣಕಿಸಲಿಲ್ಲ. ಪ್ರಶ್ನೆ ಕೇಳಿದ್ದು ಪವಾಡ ಮಾಡುತ್ತೇನೆ ಅನ್ನುವವರನ್ನು. ತುಂಗೆಯ ತಡಿ ಮೇಡಂ, ನಿಮ್ಮ ಗುಂಪಿನವರಿಗೆ ಈ ಒಂದು ವಿಷಯ ಹೇಳಿ.

ಹಳೇಪುಟ
ಗಾಂಧೀಜಿ ಆಗ ಲಂಡನ್ನಿನಲ್ಲಿ ಓದುತ್ತಿದ್ದರು. 1891ರಲ್ಲಿ ಬ್ರಾಡ್ಲಾ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋಗಿದ್ದರು. ಕೆಲವು ಪಾದ್ರಿಗಳೂ ಗೌರವ ಸಲ್ಲಿಸಲು ಬಂದಿದ್ದರಂತೆ. ವಾಪಸ್ ಬರುವಾಗ ರೈಲಿಗೆ ಕಾಯುತ್ತಿದ್ದ ಒಬ್ಬ ಪಾದ್ರಿಯನ್ನು ಒಬ್ಬ ನಾಸ್ತಿಕ ಹಿಡಿದುಕೊಂಡ. ದೇವರಿದ್ದಾನೆ ಅಂತೀರಾ? ಹಾಗಾದರೆ ಭೂಮಿಯ ಸುತ್ತಳತೆ ಗೊತ್ತಿರುವಂತೆ ನಿಮ್ಮ ದೇವರ ಅಳತೆ ಹೇಳಿ, ಎಲ್ಲಿದ್ದಾನೆ ಹೇಳಿ. ನಮ್ಮಿಬ್ಬರ ಹೃದಯದಲ್ಲೂ ಇದ್ದಾನೆ ಅಂದರು ಪಾದ್ರಿ. ನನ್ನನ್ನು ಮಗು ಅಂದುಕೊಂಡಿರಾ ಅಂತ ಆತ ಗೆದ್ದವನ ಹಾಗೆ ನೋಡಿದ. ಪಾದ್ರಿ ಸುಮ್ಮನಾದರು. ಇದರಿಂದ ನಾಸ್ತಿಕವಾದದ ಮೇಲಿದ್ದ ಬೇಸರ ಇನ್ನೂ ಜಾಸ್ತಿಯಾಯಿತು ಅಂತ ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ.

ನೋಡಿ, ಸತ್ತವರು ಅಷ್ಟು ದೊಡ್ಡ ಹೋರಾಟಗಾರರು. ಅವರ ಕಡೆಯ ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಸಾಧು ಮನುಷ್ಯನನ್ನು ಕೆಣಕಿ ಗಾಂಧಿಯಂಥವರನ್ನು ದೂರ ಮಾಡಿಕೊಂಡರು.

ನಿರೀಶ್ವರ
ಗಾಂಧೀಜಿಗೆ ಬೇಸರವಾಯಿತು ಅಂದ ಮಾತ್ರಕ್ಕೆ ಪ್ರಶ್ನೆ ತಪ್ಪಾಗುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಇರಲಿಲ್ಲ, ಅಷ್ಟೇ. ಸೌಮ್ಯವಾಗಿ ಮಾತಾಡಿ ಅಂತ ಯಾವಾಗಲೂ ನಮಗೇ ಹೇಳುತ್ತೀರಿ. 2009ರ ಬಸ್ ಜಾಹೀರಾತು ನೆನಪಿದೆಯಾ? ‘ಬಹುಶಃ ದೇವರಿಲ್ಲ, ಚಿಂತೆ ಬಿಡಿ, ಬದುಕನ್ನು ಸವಿಯಿರಿ’ ಅನ್ನುವ ಅರ್ಥದ ಸಾಲು. ಲೇಖಕಿ ಆರಿಯೇನ್ ಶೆರಿನ್ ಅದನ್ನು ಶುರುಮಾಡಿದ್ದು, ನಂಬದವರು ನರಕದಲ್ಲಿ ಬೇಯುತ್ತಾರೆ ಅನ್ನುವ ವೆಬ್‌ಸೈಟಿನ ಕೊಂಡಿ ಇದ್ದ ಬಸ್ ಜಾಹೀರಾತು ನೋಡಿ. ಅವರು ‘ಬಹುಶಃ’ ಅಂತ ಸೇರಿಸಿದ್ದಕ್ಕೂ ಜನ ದೂರು ಕೊಟ್ಟರು. ಇದಕ್ಕಿಂತ ಮೆತ್ತಗೆ ಹೇಗೆ ಮಾತಾಡುವುದು?

ಸಿಎಸ್‌ಐ ಹುಡುಗಿ
ಆ ಜಾಹೀರಾತು ನನಗೆ ಇಷ್ಟವೇ ಸರ್, ಅದರಲ್ಲಿ ಯಾರಿಗೂ ಅವಮಾನ ಇಲ್ಲ. ದೂರನ್ನು ಜಾಹೀರಾತು ನಿಯಂತ್ರಣ ಸಂಸ್ಥೆ ತಳ್ಳಿಹಾಕಿದ್ದೂ ಸರಿ. ಆದರೆ ನರಕದ ಮಾತಾಡುವ ಪಂಗಡಗಳನ್ನೂ ಊರಿನ ಆಂಗ್ಲಿಕನ್ ಚರ್ಚನ್ನೂ ಒಂದೇ ಗಂಟು ಕಟ್ಟುತ್ತೀರಲ್ಲ. ನಮ್ಮ ವಿಕಾರ್ ನರಕದ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಬಡವರಿಗೆ ಆಹಾರ ಕೊಡುವ ಫುಡ್ ಬ್ಯಾಂಕಿಗೆ ಪಾಸ್ತಾ ಸಾಕು, ಡಬ್ಬಿ ಮೀನು ತನ್ನಿ ಅಂತ ಪ್ರತಿವಾರ ಹೇಳುತ್ತಾರೆ. ಸುಗ್ಗಿ ಹಬ್ಬದ ದಿನ ನಮ್ಮೂರಿನ ಸಭೆಯಲ್ಲಿ ಕುಂಬಳಕಾಯಿ, ಬಾಳೆಗೊನೆ, ಕೋಳಿ ತಂದು ಹರಾಜು ಹಾಕುತ್ತಿದ್ದರು. ನಮ್ಮಪ್ಪ ಒಂದು ತೆಂಗಿನಕಾಯಿಗೆ ಎಷ್ಟು ದುಡ್ಡು ಬೇಕಾದರೂ ಕೊಡುತ್ತಿದ್ದರು, ಅಮ್ಮನಿಗೆ ಸಿಟ್ಟು! ಇಲ್ಲಿ ಅದೇ ಹಬ್ಬಕ್ಕೆ ಡಬ್ಬಿ ಆಹಾರ ತಂದು ಮೆಟ್ಟಿಲ ಮೇಲೆ ಜೋಡಿಸುತ್ತಾರೆ, ಮಾರನೇ ದಿನ ಅದು ಫುಡ್ ಬ್ಯಾಂಕಿಗೆ.

ಕರಾವಳಿಯವ
ಸಿಎಸ್‌ಐ ಅಂದರೆ ಬಾಸೆಲ್ ಮಿಷನ್ ಅಲ್ವಾ? ಆಂಗ್ಲಿಕನ್ ಹೇಗಾಗುತ್ತದೆ?

ಸಿಎಸ್‌ಐ ಹುಡುಗಿ
1947ರ ಸೆಪ್ಟೆಂಬರ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್‌ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆಯಿತು. ನಮ್ಮ ಕಡೆಯ ಬಾಸೆಲ್ ಮಿಷನ್ ಸಭೆಗಳೂ ಮುಂದೆ ಸೇರಿಕೊಂಡವು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಮೊದಲು ಕಂಟೋನ್ಮೆಂಟಿನ ಆಂಗ್ಲಿಕನ್ ಚರ್ಚು, ಈಗ ಸಿಎಸ್‌ಐ ಕ್ಯಾಥೆಡ್ರಲ್. ಆದರೆ ನಮ್ಮಲ್ಲಿ ಸರ್ಕಾರದ ಜೊತೆ ಯಾವ ನಂಟೂ ಇಲ್ಲ. ಇಲ್ಲಿಗೆ ಬಂದ ಮೇಲೆ ರಾಜನೇ ಚರ್ಚಿನ ಮುಖ್ಯಸ್ಥ ಅಂತ ತಿಳಿದು ನನಗೂ ವಿಚಿತ್ರ ಅನ್ನಿಸಿತು.

ಲಂಡನ್ ನರ್ಸ್
ಎಲ್ಲರೂ ಇಂಗ್ಲಿಷ್ ಅಜ್ಜಿಯರ ಬಗ್ಗೆಯೇ ಮಾತಾಡುತ್ತಿದ್ದೀರಿ. ನಾನು ಕೆಲಸ ಮಾಡುವ ದಕ್ಷಿಣ ಲಂಡನ್ ಕಡೆ ಬನ್ನಿ. ಆಂಗ್ಲಿಕನ್ ಚರ್ಚಿನಲ್ಲಿ ಭಾನುವಾರ ಕೂತವರಲ್ಲಿ ನೈಜೀರಿಯಾ, ಘಾನಾ, ಜಮೈಕಾ ಮೂಲದವರೇ ಜಾಸ್ತಿ. ನನ್ನ ವಾರ್ಡಿನಲ್ಲೂ ಅಷ್ಟೇ. ರಾತ್ರಿ ಪಾಳಿ ಮುಗಿಸಿ ಬಟ್ಟೆ ಬದಲಿಸಿ ನೇರ ಚರ್ಚಿಗೆ ಹೋಗುವವರು ಇದ್ದಾರೆ.

1948ರ ನಂತರ ಕೆರಿಬಿಯನ್ ದ್ವೀಪಗಳಿಂದ ಬಂದ ಆಂಗ್ಲಿಕನ್ನರು ಇಲ್ಲಿನ ಚರ್ಚಿಗೆ ಹೋದಾಗ, ನೀವು ಬೇರೆ ಕಡೆ ಹೋದರೆ ಒಳ್ಳೆಯದು ಅಂತ ಹೇಳಿಸಿಕೊಂಡವರು ಎಷ್ಟೋ ಜನ. ಅದಕ್ಕೆ ಚರ್ಚಿನ ಸಿನಡ್ (ಆಡಳಿತ ಸಭೆ) ಕ್ಷಮೆ ಕೇಳಿದ್ದು 2020ರಲ್ಲಿ! ಅಷ್ಟಾದರೂ ಅವರು ನಂಬಿಕೆ ಬಿಡಲಿಲ್ಲ. ಅವರ ಮುಂದೆ ನಿಂತು ನಿಮಗೆ ಬುದ್ಧಿ ಇಲ್ಲ ಅನ್ನುವ ಧೈರ್ಯ ಈ ನಾಸ್ತಿಕರಿಗೆ ಇದೆಯಾ? ಇರಬಾರದು ಕೂಡ.

ಡಾಕಿನ್ಸ್ ಅದೇ ಸಂದರ್ಶನದಲ್ಲಿ ಲಂಡನ್ನಿನಲ್ಲಿ ರಂಜಾನ್ ದೀಪ ಹಾಕಿದ್ದಕ್ಕೆ ಬೇಸರ ಪಟ್ಟರು. ಕ್ರೈಸ್ತ ಧರ್ಮ, ಇಸ್ಲಾಂ ಎರಡರಲ್ಲಿ ಒಂದು ಆರಿಸಬೇಕಾದರೆ ಪ್ರತಿಸಲವೂ ಕ್ರೈಸ್ತ ಧರ್ಮ ಅಂದರು. ನನಗೆ ಅದು ಭಯ ಹುಟ್ಟಿಸಿತು. ಇವತ್ತು ರಂಜಾನ್ ದೀಪ, ನಾಳೆ ಲೆಸ್ಟರಿನ ದೀಪಾವಳಿ. ದೇವರನ್ನು ತೆಗೆದುಹಾಕಿ ‘ನಮ್ಮ ಸಂಸ್ಕೃತಿ’ ಅಂತ ಮಾತ್ರ ಉಳಿಸಿಕೊಂಡರೆ, ಹೊರಗಿನಿಂದ ಬಂದವರಿಗೆ ಜಾಗ ಎಲ್ಲಿ? ನಂಬುವವರ ಚರ್ಚಿನಲ್ಲಾದರೂ ಅಪರಿಚಿತನನ್ನು ಒಳಗೆ ಕರೆಯಿರಿ ಅನ್ನುವ ಆಜ್ಞೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನಲ್ಲಿ ವಲಸೆ ವಿರೋಧಿಗಳು ನಡೆಸಿದ ಮೆರವಣಿಗೆಯಲ್ಲಿ ಶಿಲುಬೆ ಹಿಡಿದು ಬಂದವರನ್ನು ಕಂಡು, ಇದು ನಮ್ಮ ಧರ್ಮವಲ್ಲ ಅಂತ ಹೇಳಿದವರಲ್ಲಿ ಬಿಷಪ್‌ಗಳೂ ಇದ್ದರು.

ತುಂಗೆಯ ತಡಿ
ಅಕ್ಕ, ಇದನ್ನು ಯಾರಾದರೂ ಹೇಳಬೇಕಿತ್ತು. ನಾನು ನಾಸ್ತಿಕಳಾದದ್ದು ಯಾವ ಸಂಸ್ಕೃತಿಗೂ ಕಾವಲು ನಿಲ್ಲಲಿಕ್ಕಲ್ಲ.

ನಿರೀಶ್ವರ
ರಂಜಾನ್ ದೀಪದ ಮಾತು ನನಗೂ ಒಪ್ಪಿಗೆ ಇಲ್ಲ. ಎಲ್ಲ ಧರ್ಮಕ್ಕೂ ಒಂದೇ ಅಳತೆ ಇರಬೇಕು, ಅದು ಬಿಟ್ಟರೆ ನಾಸ್ತಿಕತೆಗೆ ಅರ್ಥವಿಲ್ಲ. ಆದರೆ ಬಿಷಪ್‌ಗಳನ್ನು ಇಷ್ಟು ಹೊಗಳಬೇಡಿ. ಜಾನ್ ಸ್ಮೈತ್ ಅನ್ನುವವನು ಹುಡುಗರಿಗೆ ಹೊಡೆದು ಹಿಂಸಿಸಿದ ಪ್ರಕರಣವನ್ನು ಚರ್ಚಿನ ದೊಡ್ಡವರು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತ ವರದಿ ಬಂತು. 2024ರ ನವೆಂಬರ್‌ನಲ್ಲಿ ಕ್ಯಾಂಟರ್‌ಬರಿ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ರಾಜೀನಾಮೆ ಕೊಡಬೇಕಾಯಿತು. ಅಂಥ ಸಂಸ್ಥೆಯ 26 ಬಿಷಪ್‌ಗಳು ಚುನಾವಣೆಯೇ ಇಲ್ಲದೆ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕೂತು ಕಾನೂನಿಗೆ ವೋಟು ಹಾಕುತ್ತಾರೆ.

ಸಿಎಸ್‌ಐ ಹುಡುಗಿ
ಸ್ಮೈತ್ ವಿಷಯದಲ್ಲಿ ನಿಮಗಿಂತ ಜಾಸ್ತಿ ಸಿಟ್ಟು ಚರ್ಚಿನೊಳಗೆ ಇದೆ. ವೆಲ್ಬಿ ಹೋಗಲಿ ಅಂತ ಸಹಿ ಸಂಗ್ರಹ ಶುರುಮಾಡಿದ್ದೇ ಸಿನಡ್ ಸದಸ್ಯರು. ಈಗ ಆ ಜಾಗಕ್ಕೆ ಸೇರಾ ಮಲ್ಲಲಿ, ಮೊದಲ ಹೆಂಗಸು. ಮೊದಲು ನರ್ಸ್ ಆಗಿದ್ದವರು, ಲಂಡನ್ ನರ್ಸ್ ಅಕ್ಕನಿಗೆ ಖುಷಿಯಾಗಬೇಕು. ಬಿಷಪ್‌ಗಳ 26 ಸೀಟು ತೆಗೆದರೆ ನನ್ನ ನಂಬಿಕೆಗೆ ಏನೂ ಆಗುವುದಿಲ್ಲ. ತೆಗೆಯಲಿ.

ಬಯಲುಸೀಮೆ
ನಾಸ್ತಿಕರೂ ಕ್ರೈಸ್ತರೂ ಇಲ್ಲಿ ಒಂದಾದರು ನೋಡಿ.

ಕ್ವಾಯರ್ ಅಪ್ಪ
ನನ್ನ ಮಗಳು ಕ್ಯಾಥೆಡ್ರಲ್ ಕ್ವಾಯರ್‌ನಲ್ಲಿ (ಹಾಡುವ ತಂಡದಲ್ಲಿ) ಹಾಡುತ್ತಾಳೆ. ನಾವು ಮನೆಯಲ್ಲಿ ಲಿಂಗಪೂಜೆ ಮಾಡುವವರು. ಅವಳ ದನಿ ಕೇಳಿ ಸಂಗೀತದ ಟೀಚರ್ ಕಳಿಸಿದರು. 1991ರಲ್ಲಿ ಸಾಲ್ಸ್‌ಬರಿಯಲ್ಲಿ ಶುರುವಾಗುವವರೆಗೆ ಇಂಥ ಕ್ವಾಯರ್‌ಗಳಲ್ಲಿ ಹುಡುಗಿಯರಿಗೆ ಜಾಗ ಸಿಗುವುದು ತೀರಾ ಅಪರೂಪವಾಗಿತ್ತಂತೆ.

ವಾರದ ದಿನ ಇವನ್‌ಸಾಂಗ್‌ಗೆ (ಹಾಡಿನ ಸಂಜೆ ಪ್ರಾರ್ಥನೆಗೆ) ಬನ್ನಿ. ಮುಕ್ಕಾಲು ಗಂಟೆ. ಹಗಲು ಟಿಕೆಟ್ ಇರುವ ಕ್ಯಾಥೆಡ್ರಲ್‌ಗಳಲ್ಲೂ ಪೂಜೆಗೆ ಟಿಕೆಟ್ ಇಲ್ಲ. ಯಾರೂ ನೀನು ಯಾರು, ನಂಬುತ್ತೀಯಾ ಅಂತ ಕೇಳುವುದಿಲ್ಲ. ಕೆಲವು ಸಲ ಕೇಳುವವರಿಗಿಂತ ಹಾಡುವವರೇ ಜಾಸ್ತಿ ಇರುತ್ತಾರೆ, ಆದರೂ ಒಂದು ಸ್ವರ ಕಡಿಮೆ ಮಾಡುವುದಿಲ್ಲ. ಯಾಕೆಂದರೆ ಅದು ಕೇಳುಗರಿಗೆ ಅಂತ ಹಾಡುವುದಲ್ಲ. ದೊಡ್ಡವರ ಸಾಲಿನಲ್ಲಿ ಹಾಡುವ ಕೆಲವರಿಗೆ ದೇವರ ಮೇಲೆ ನಂಬಿಕೆ ಇಲ್ಲ, ಅದನ್ನು ಅವರೇ ಹೇಳುತ್ತಾರೆ. ಪಕ್ಕದಲ್ಲಿ ನಿಂತ ಪಾದ್ರಿಗೂ ಗೊತ್ತು. ಅವರವರ ನಡುವೆ ಒಂದು ದಿನ ಕೆಟ್ಟ ಮಾತು ನಾನು ಕೇಳಿಲ್ಲ. ಈ ಜಗಳವೆಲ್ಲ ಆ ಕೆಲಸ ಮಾಡದವರ ನಡುವೆಯೇ ಜಾಸ್ತಿ ಅನ್ನಿಸುತ್ತದೆ.

ಗದಗಿನ ಗಾಳಿ
ಕ್ವಾಯರ್ ಅಪ್ಪ, ನಿಮ್ಮ ಮಗಳಿಗೆ ಒಳ್ಳೆಯದಾಗಲಿ. ಆದರೆ ಜಗಳ ಮಾಡಲು ನನಗೆ ಕಾರಣ ಐತ್ರೀ. ಇಂಗ್ಲೆಂಡಿನ ಸರ್ಕಾರಿ ಹಣದ ಶಾಲೆಗಳಲ್ಲಿ ಮೂರರಲ್ಲಿ ಒಂದು ಧಾರ್ಮಿಕ ಶಾಲೆ. ಅದರಲ್ಲಿ ಚರ್ಚ್ ಆಫ್ ಇಂಗ್ಲೆಂಡಿನವೇ 4,600ಕ್ಕೂ ಹೆಚ್ಚು. 2021ರ ಜನಗಣತಿಯಲ್ಲಿ ಇಂಗ್ಲೆಂಡ್, ವೇಲ್ಸ್ ಸೇರಿ ಕ್ರೈಸ್ತರು ಅಂತ ಬರೆಸಿದವರು 46.2%, ಧರ್ಮ ಇಲ್ಲ ಅಂದವರು 37.2%. ಇನ್ನೂ ಯಾಕೆ ಈ ಏರ್ಪಾಡು? ಸಾಮಾನ್ಯ ಶಾಲೆಯಲ್ಲೂ ದಿನಾ ಪ್ರಾರ್ಥನೆ ಇರಬೇಕು, ಅದು ಹೆಚ್ಚಾಗಿ ಕ್ರೈಸ್ತ ರೀತಿಯದೇ ಇರಬೇಕು ಅಂತ 1988ರಲ್ಲಿ ಬಂದ ನಿಯಮ ಈಗಲೂ ಕಾನೂನಿನಲ್ಲಿದೆ.

ಮಾಷ್ಟ್ರು
ಇಲ್ಲಿ ಪಾಠ ಮಾಡುವವನಾಗಿ ಒಂದೆರಡು ತಿದ್ದುಪಡಿ. ಚರ್ಚ್ ಶಾಲೆ ಎಲ್ಲವೂ ಒಂದೇ ತರ ಅಲ್ಲ. ‘ಕಂಟ್ರೋಲ್ಡ್’ ವರ್ಗದ ಶಾಲೆಯಾದರೆ ಪ್ರವೇಶದ ನಿಯಮ ಸ್ಥಳೀಯ ಕೌನ್ಸಿಲ್ ಮಾಡುತ್ತದೆ, ಅಲ್ಲಿ ವಿಕಾರ್ ಸಹಿ ಕೇಳುವುದು ಅಪರೂಪ. ‘ಏಡೆಡ್’ ಶಾಲೆಯಾದರೆ ಆಡಳಿತ ಮಂಡಳಿಯೇ ನಿಯಮ ಮಾಡುತ್ತದೆ. ಗದಗಿನ ಗಾಳಿಯವರದು ಈ ಎರಡನೇದು ಇರಬೇಕು. ಪ್ರಾರ್ಥನೆಗೆ ಮಗುವನ್ನು ಕಳಿಸಬೇಡಿ ಅಂತ ತಂದೆತಾಯಿ ಬರೆದುಕೊಟ್ಟರೆ ಶಾಲೆ ಒಪ್ಪಲೇಬೇಕು. ಆದರೆ ಒಂದೇ ಮಗು ಎದ್ದು ಹೊರಗೆ ಹೋಗಿ ಲೈಬ್ರರಿಯಲ್ಲಿ ಕೂರುವುದನ್ನು ನೋಡಿದ್ದೇನೆ, ಅದು ನೋಡಲು ಆಗುವುದಿಲ್ಲ. ನಿಯಮವೇ ಹೋಗಬೇಕು.

ನಿರೀಶ್ವರ
ಸಂಸತ್ತಿನ ಕತೆಯೂ ಅಷ್ಟೇ. ಕೆಳಮನೆ ಕಾಮನ್ಸ್‌ನಲ್ಲಿ ದಿನದ ಕೆಲಸ ಆಂಗ್ಲಿಕನ್ ಪ್ರಾರ್ಥನೆಯಿಂದ ಶುರು. ಸೀಟು ಕಾದಿರಿಸಬೇಕಾದರೆ ಪ್ರಾರ್ಥನೆಯ ಚೀಟಿ ಇಟ್ಟು, ಪ್ರಾರ್ಥನೆಗೆ ಹಾಜರಿರಬೇಕು. ನಂಬದ ಸಂಸದರೂ ಗೋಡೆ ಕಡೆ ತಿರುಗಿ ನಿಲ್ಲುತ್ತಾರೆ. ಬ್ರಾಡ್ಲಾ ಗೆದ್ದು ಇಷ್ಟು ಕಾಲವಾದ ಮೇಲೂ!

ತುಂಗೆಯ ತಡಿ
ನೀವು ಹೇಳುತ್ತಿರುವ ಶಾಲೆ, ಸಂಸತ್ತು, ಬಿಷಪ್‌ಗಳ ಸೀಟು ಎಲ್ಲದರಲ್ಲೂ ನಾನು ನಿಮ್ಮ ಜೊತೆ, ನಿರೀಶ್ವರ ಅವರೇ. ಹೂವು ಇಡುವ ಹೆಂಗಸಿಗೂ ರಾತ್ರಿ ಪಾಳಿಯ ನರ್ಸಿಗೂ ಇದರಲ್ಲಿ ಯಾವುದೂ ಕೈಯಲ್ಲಿಲ್ಲ. ಅವರನ್ನು ಬಿಟ್ಟುಬಿಡಿ ಅಂತ ಮಾತ್ರ ನನ್ನ ಹಟ. ಮುಂದಿನ ಸಲ ಗುಂಪು ಸೇರಿದಾಗ ಶಾಲೆ ಪ್ರವೇಶದ ವಿಷಯ ಒಂದನ್ನೇ ಎತ್ತುತ್ತೇನೆ.

ಸಿಎಸ್‌ಐ ಹುಡುಗಿ
ಎತ್ತುವುದಾದರೆ ನನ್ನನ್ನೂ ಕರೆಯಿರಿ. ಚರ್ಚಿಗೆ ಹೋಗುವವಳು ಈ ನಿಯಮ ಬೇಡ ಅಂದರೆ ಕೌನ್ಸಿಲಿನವರು ಬೇರೆ ತರ ಕೇಳುತ್ತಾರೆ.

ನಿರೀಶ್ವರ
ಬನ್ನಿ. ದೇವರ ಬಗ್ಗೆ ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

ಸಿಎಸ್‌ಐ ಹುಡುಗಿ
ನಾನೂ.

ಮಾಷ್ಟ್ರು
ಗದಗಿನ ಗಾಳಿಯವರೇ, ನಿಮಗೆ ಇನ್ನೊಂದು ಮಗು ಇದ್ದರೆ ಅಥವಾ ಬೇರೆ ಮನೆಯವರಿಗಾದರೂ ಉಪಯೋಗವಾಗಲಿ ಅಂತ ಹೇಳುತ್ತೇನೆ. ಶಾಲೆಯ ಪ್ರವೇಶ ನಿಯಮ ಸರಿಯಿಲ್ಲ ಅನ್ನಿಸಿದರೆ ಸ್ಕೂಲ್ಸ್ ಅಜುಡಿಕೇಟರ್ ಕಚೇರಿಗೆ ಆಕ್ಷೇಪಣೆ ಕೊಡಬಹುದು, ಯಾರು ಬೇಕಾದರೂ. ಆಯಾ ವರ್ಷದ ಮೇ 15ರೊಳಗೆ ತಲುಪಬೇಕು. ಧರ್ಮಕ್ಕೆ ಆದ್ಯತೆ ಕೊಡಬಾರದು ಅಂತ ಅವರು ಹೇಳಲಾರರು, ಕಾನೂನು ಅದಕ್ಕೆ ಬಿಟ್ಟಿದೆ. ಆದರೆ ನಿಯಮ ಗೊಂದಲವಾಗಿದ್ದರೆ, ಎಷ್ಟು ಸಲ ಬರಬೇಕು ಅಂತ ಸ್ಪಷ್ಟವಿಲ್ಲದಿದ್ದರೆ, ಬದಲಿಸಿ ಅಂತ ಆದೇಶ ಮಾಡಬಹುದು. ಫಾರ್ಮ್ ತುಂಬಲು ಸಹಾಯ ಬೇಕಾದರೆ ಹೇಳಿ.

ಗದಗಿನ ಗಾಳಿ
ಮಗ ಇದ್ದಾನೆ ಸರ್, ಮೂರು ವರ್ಷದವನು. ಈಗಲೇ ಶಾಲೆಯ ನಿಯಮದ ಪ್ರತಿ ತೆಗೆದು ಕಳಿಸುತ್ತೇನೆ, ನೋಡಿ ಹೇಳ್ರಿ.